ಹಿಟ್ಟಿನ ಗಿರಣಿ ಕೇಳಿಕೊಂಡು ಊರು ನೋಡಿದ ಅಕ್ಕ

"ಅಕ್ಕ ಹೋದ್ರಂತೆ ಕಣ್ರೀ" ಎಂದು ಹಳೆಯ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಹೇಳಿದಾಗ ನನ್ನ ಬಾಯಿಂದ ತಟ್ಟನೆ ಬಂದ ಮಾತು, "ಯಾವೂರಿಗೆ?" ತಮಾಷೆಗೆ ಕೇಳಿದ್ದಲ್ಲ. ಅಕ್ಕ ಹೋದರು ಎಂದರೆ ಯಾವುದೋ ಊರಿಗೆ ಹೊರಟರು ಎಂದೇ ಅರ್ಥವಾಗುತ್ತಿದ್ದ ಕಾಲವೊಂದು ನನ್ನ ಬದುಕಿನಲ್ಲಿ ಇತ್ತು.

ಆ ಕಡೆಯವರು, "ತೀರ್ಕಂಡ್ರು. ರಾತ್ರಿ ಮಲಗಿದೋರು ಬೆಳಿಗ್ಗೆ ಏಳ್ಲಿಲ್ಲ. ಇವತ್ತು ಸಂಜೆ ಮಣ್ಣು. ಬರ್ತೀರಾ?" ಎಂದರು.

"ನೋಡ್ತೀನಿ" ಎಂದೆ. ಬಳ್ಳಾರಿಯಿಂದ ಚಳ್ಳಕೆರೆಗೆ ಬೇಕಾದಷ್ಟು ಬಸ್ಸುಗಳಿವೆ. ನಾನು ಹೋಗಲಿಲ್ಲ. ಮನೆಯಲ್ಲೇ ಇದ್ದು ಅಕ್ಕಿ ಆರಿಸಿದೆ, ಬಟ್ಟೆ ಮಡಚಿದೆ. ಅಳು ಬರಬಹುದೇನೋ ಎಂದು ಕಾದೆ. ಬರಲಿಲ್ಲ. ಅವರು ಯಾರು, ನನಗೆ ಏನಾಗಬೇಕಾಗಿತ್ತು ಎಂದು ಯಾರಾದರೂ ಕೇಳಿದರೆ ಒಂದೇ ಉಸಿರಿಗೆ ಹೇಳಿ ಮುಗಿಸುವುದು ನನಗಂತೂ ಸಾಧ್ಯವಿಲ್ಲ.

ಚಳ್ಳಕೆರೆಯ ಒಂದು ಪ್ರೌಢಶಾಲೆಯಲ್ಲಿ ಅವರು ಗಣಿತದ ಟೀಚರು. ಸಮಾಜ ಪಾಠಕ್ಕೆಂದು ನಾನು ಅಲ್ಲಿ ಸೇರಿದಾಗ ನನಗೆ ಇಪ್ಪತ್ತನಾಲ್ಕು, ಅವರಿಗೆ ಐವತ್ತರ ಹತ್ತಿರ. ತಿಳಿ ಬಣ್ಣದ ಕಾಟನ್ ಸೀರೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಹಣೆಯ ಮೇಲೆ ತೆಳ್ಳಗೆ ಒಂದು ಗೆರೆ ವಿಭೂತಿ. ಮದುವೆಯಾಗಿರಲಿಲ್ಲ. ಅಣ್ಣನ ಮನೆಯಲ್ಲಿದ್ದರು. ಅಣ್ಣನಿಗೆ ಶೇಂಗಾ ಎಣ್ಣೆಯ ಮಿಲ್ಲು ಇತ್ತು. ಆ ಬೀದಿಯಲ್ಲಿ ಸಾವ್ಕಾರರು ಎಂದರೆ ಅವರೇ. ಶಾಲೆಯಲ್ಲಿ ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಅಕ್ಕ ಎಂದು ಕರೆಯಲು ಶುರು ಮಾಡಿದ್ದು ನಾನು.

ಒಂದು ದಿನ ಸ್ಟಾಫ್ ರೂಮಿನಲ್ಲಿ ನಾನು ಚಾರ್ಟಿನ ಮೇಲೆ ಭಾರತದ ನಕಾಶೆ ಬರೆಯುತ್ತಾ ಕೂತಿದ್ದೆ. ಅವರು ಹಿಂದೆ ಬಂದು ನಿಂತು ಕೇಳಿದರು:

"ಇಷ್ಟೆಲ್ಲಾ ಊರಿನ ಮೇಲೆ ಚುಕ್ಕಿ ಇಡ್ತಿದ್ದೀಯಲ್ಲ, ಇದ್ರಾಗೆ ಯಾವ್ಯಾವು ನೋಡಿದ್ದೀಯಾ?"

"ತಿರುಪತಿ ನೋಡಿದ್ದೀನ್ರಿ."

"ತಿರುಪತಿನಾಗೆ ಏನು ನೋಡ್ದೆ?"

"ದೇವ್ರನ್ನ."

"ಊರು ನೋಡ್ಲಿಲ್ವಾ?"

ಊರನ್ನು ಬೇರೆಯಾಗಿ ನೋಡುವುದೊಂದಿರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ರಾಂಪುರದವಳು. ಅಪ್ಪನಿಗೆ ಒಂದಿಷ್ಟು ಹೊಲ. ವಾರವಿಡೀ ಚಳ್ಳಕೆರೆಯ ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನ ರಾಂಪುರದ ಬಸ್ಸು, ಸೋಮವಾರ ಬೆಳಿಗ್ಗೆ ಮತ್ತೆ ಚಳ್ಳಕೆರೆಯ ಬಸ್ಸು. ನನಗೆ ಗೊತ್ತಿದ್ದ ಪ್ರಪಂಚ ಆ ಒಂದು ರಸ್ತೆಯ ಎರಡು ತುದಿಗಳ ನಡುವೆ ಮುಗಿಯುತ್ತಿತ್ತು.

"ಮುಂದಿನ ಶನಿವಾರ ದಾವಣಗೆರೆಗೆ ಬಾ, ತೋರಿಸ್ತೀನಿ" ಎಂದರು. ಮನೆಯಲ್ಲಿ ಏನು ಹೇಳಲಿ ಎಂದು ಕೇಳಿದೆ. "ತರಬೇತಿ ಐತೆ ಅನ್ನು. ನಾನೂ ಮನೇಲಿ ಅದನ್ನೇ ಹೇಳೋದು."

"ಸುಳ್ಳಲ್ವಾ ಅಕ್ಕಾ?"

"ಕಲಿಯೋಕೆ ತಾನೇ ಹೋಗ್ತಿರೋದು? ತರಬೇತಿನೇ ಅದು."

ದಾವಣಗೆರೆಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಅವರು ಮುಖ ತೊಳೆದುಕೊಂಡು ಹೊರಗೆ ಬಂದವರೇ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಕೊಂಡರು. ಯಾಕೆ ಎಂದರೆ, "ಕೈಯಾಗೆ ಸೊಪ್ಪು ಹಿಡ್ಕಂಡಿರೋ ಹೆಂಗಸನ್ನ ಯಾರೂ ಯಾವೂರು ಅಂತ ಕೇಳಲ್ಲ ಕಣೇ. ಇವಳ ಮನೆ ಇಲ್ಲೇ ಎಲ್ಲೋ ಐತೆ ಅಂದ್ಕಂತಾರೆ" ಎಂದರು. ಆಮೇಲೆ ಹೂವಿನವಳೊಬ್ಬಳ ಹತ್ತಿರ, "ಇಲ್ಲಿ ಹಿಟ್ಟಿನ ಗಿರಣಿ ಎಲ್ಲೈತಮ್ಮಾ?" ಎಂದು ಕೇಳಿದರು. ದೊಡ್ಡ ಬೀದಿ ಬಿಟ್ಟು ಸಣ್ಣ ಬೀದಿ, ಸಣ್ಣ ಬೀದಿ ಬಿಟ್ಟು ಗಲ್ಲಿ. ಹಿಟ್ಟಿನ ಗಿರಣಿ ಯಾವಾಗಲೂ ಮನೆಗಳ ನಡುವೆಯೇ ಇರುತ್ತದೆ ಎಂಬುದನ್ನು ನಾನು ಅವತ್ತೇ ಗಮನಿಸಿದ್ದು. ಡಬ್ಬಿಗಳನ್ನು ಸಾಲಾಗಿಟ್ಟು ಕಾಯುತ್ತಾ ಕೂತ ಹೆಂಗಸರ ಪಕ್ಕ ನಾವೂ ಕೂತೆವು. ಅರ್ಧ ಗಂಟೆಯಲ್ಲಿ ಆ ಕೇರಿಗೆ ಯಾವ ದಿನ ನೀರು ಬಿಡುತ್ತಾರೆ, ಯಾವ ಮನೆಯ ಓನರು ಜಗಳಗಂಟ, ಯಾವ ತಿರುವಿನಲ್ಲಿ ಸಂಜೆ ಮೇಲೆ ಮಂಡಕ್ಕಿ ಮೆಣಸಿನಕಾಯಿ ಚೆನ್ನಾಗಿ ಮಾಡುತ್ತಾರೆ, ಎಲ್ಲವೂ ನಮಗೆ ತಿಳಿದಿತ್ತು.

"ನೀವು ಯಾರ ಪೈಕಿ?" ಎಂದು ಒಬ್ಬಾಕೆ ಕೇಳಿದರೆ ಅಕ್ಕ ಸ್ವಲ್ಪವೂ ತಡವರಿಸದೆ ನನ್ನ ಕಡೆ ಕೈ ತೋರಿಸಿ, "ಇವಳು ನಮ್ಮ ತಂಗಿ. ಗಂಡಂಗೆ ಇಲ್ಲಿಗೆ ವರ್ಗ ಆಗೈತೆ, ಮನೆ ನೋಡ್ತಿದ್ದೀವಿ" ಎಂದರು. ಪಕ್ಕದ ಓಣಿಯಲ್ಲಿ ಖಾಲಿ ಇರುವ ಮನೆ, ಮೂಲೆಯ ಮನೆಯ ಬಾಡಿಗೆ, ಮಕ್ಕಳಿಗೆ ಯಾವ ಶಾಲೆ ಎಂದೆಲ್ಲ ಆ ಹೆಂಗಸರು ನನಗೆ ಬುದ್ಧಿ ಹೇಳಿದರು. ಇಲ್ಲದ ಗಂಡನನ್ನು ನೆನೆದು ನಾನು ನಗು ತಡೆಯಲಾಗದೆ ಸೆರಗು ಬಾಯಿಗೆ ಇಟ್ಟುಕೊಂಡೆ. ಮುಂದೆ ಒಂದೊಂದು ಊರಿನಲ್ಲಿ ನಾನು ಒಂದೊಂದಾದೆ. ಹುಬ್ಬಳ್ಳಿಯಲ್ಲಿ ಮಗಳು, ಬೆಂಗಳೂರಿನ ಪೇಟೆಯಲ್ಲಿ ಸೊಸೆ, ಅನಂತಪುರದಲ್ಲಿ ತಮ್ಮನ ಹೆಂಡತಿ. ಅವರ ಸುಳ್ಳುಗಳು ನನಗೆ ಎಷ್ಟು ಚೆಂದ ಕಂಡಿದ್ದವು ಎಂದರೆ, ಹೇಳುವಾಗ ಅವರ ಮುಖದಲ್ಲಿ ಏನೂ ಕದಲುತ್ತಿರಲಿಲ್ಲ ಎಂಬುದನ್ನೂ ನಾನು ಒಂದು ಕಲೆ ಎಂದೇ ಎಣಿಸಿದ್ದೆ.

ಸಂಜೆ ಹೊರಡುವ ಮುಂಚೆ ಬಾಡಿದ ಆ ಕೊತ್ತಂಬರಿ ಕಟ್ಟನ್ನು ಯಾವುದಾದರೂ ದನಕ್ಕೆ ತಿನ್ನಿಸಿ ಕೈ ಝಾಡಿಸುತ್ತಿದ್ದರು. ಊರು ನೋಡಿಯಾಯಿತು ಎಂಬುದಕ್ಕೆ ಅದೇ ಗುರುತು.

ಅವರು ಗುಡಿಗೆ ಹೋಗುತ್ತಿರಲಿಲ್ಲ, ಕೋಟೆ ಹತ್ತುತ್ತಿರಲಿಲ್ಲ. "ಅವು ಎಲ್ಲಿಗೂ ಹೋಗಲ್ಲ. ಜನ ಸಂಜೆ ಆರಕ್ಕೆ ಏನು ಮಾಡ್ತಾರೆ ಅದು ನೋಡು." ದೀಪ ಹಚ್ಚುವ ಹೊತ್ತಿಗೆ ಅವರ ನಡಿಗೆಯೇ ಬದಲಾಗುತ್ತಿತ್ತು. ಚಳ್ಳಕೆರೆಯಲ್ಲಿ ತಲೆ ಬಗ್ಗಿಸಿ ಗೋಡೆ ಸವರಿಕೊಂಡು ಹೋಗುತ್ತಿದ್ದ ಹೆಂಗಸು ಬೇರೆ ಊರಿನ ಬೀದಿಯ ನಟ್ಟನಡುವೆ ಕೈ ಬೀಸಿಕೊಂಡು ನಡೆಯುತ್ತಿದ್ದರು. ದಾರಿ ತಪ್ಪಿದರೆ ಖುಷಿ. ಗಣಿತದವರಲ್ಲವೇ, ಎಷ್ಟು ಸಲ ಎಡಕ್ಕೆ ತಿರುಗಿದ್ದೇವೆ, ಎಷ್ಟು ಸಲ ಬಲಕ್ಕೆ ಎಂಬ ಲೆಕ್ಕವನ್ನು ಬೆರಳಲ್ಲೇ ಇಟ್ಟುಕೊಂಡು ಕೊನೆಗೆ ಸರಿಯಾಗಿ ಬಸ್‌ಸ್ಟ್ಯಾಂಡಿನ ಮುಂದೆಯೇ ತಂದು ನಿಲ್ಲಿಸುತ್ತಿದ್ದರು.

ಇನ್ನೊಂದು ವಿಷಯ. ಫೋಟೋ ತೆಗೆಯಲು ಬಿಡುತ್ತಿರಲಿಲ್ಲ. ಬೀದಿಯ ಫೋಟೋ ತೆಗೆ, ಅಂಗಡಿಯ ಫೋಟೋ ತೆಗೆ, ತಮ್ಮದು ಬೇಡ. "ನನ್ನ ಮುಖ ದಿನಾ ನೋಡ್ತೀಯಲ್ಲ" ಎಂದು ಪಕ್ಕಕ್ಕೆ ಸರಿಯುತ್ತಿದ್ದರು. ಚಳ್ಳಕೆರೆಯಿಂದ ಹೊರಡುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿರಲಿಲ್ಲ. ಊರು ದಾಟಿದ ಮೇಲೆ ಎದ್ದು ಬರುತ್ತಿದ್ದರು. ಅದನ್ನೂ ನಾನು ಅವರ ಸಂಕೋಚದ ಸ್ವಭಾವ ಎಂದುಕೊಂಡಿದ್ದೆ.

ಎರಡು ವರ್ಷ ಹೀಗೆ ನಡೆಯಿತು. ಮೂರನೆಯ ಬೇಸಿಗೆಯಲ್ಲಿ ಹೈದರಾಬಾದಿಗೆ ಹೋದೆವು. ರಾಂಪುರದ ಕಡೆಯ ನಮಗೆ ತೆಲುಗು ಮನೆಮಾತಿನಷ್ಟೇ ಸಲೀಸು, ಅಕ್ಕನಿಗೆ ಬರುತ್ತಿರಲಿಲ್ಲ. "ನೀನು ಬಂದ್ರೆ ಮಾತ್ರ ನಂಗೆ ಹೈದರಾಬಾದು" ಎಂದು ಎಷ್ಟೋ ತಿಂಗಳಿಂದ ಹೇಳುತ್ತಿದ್ದರು. ಎರಡು ದಿನದ ತರಬೇತಿ ಎಂದು ಇಬ್ಬರೂ ಮನೆಯಲ್ಲಿ ಹೇಳಿದೆವು. ಅವರು ಅಣ್ಣನಿಗೆ ದಾವಣಗೆರೆ ಎಂದಿದ್ದರು, ನಾನು ಅಪ್ಪನಿಗೆ ಚಿತ್ರದುರ್ಗ ಎಂದಿದ್ದೆ. ಒಂದೇ ಊರಿನ ಹೆಸರು ಹೇಳಬೇಕು ಎಂಬ ಬುದ್ಧಿಯೂ ಇರಲಿಲ್ಲ ನನಗೆ.

ರಂಜಾನ್ ತಿಂಗಳು. ಚಾರ್‌ಮಿನಾರಿನ ಸುತ್ತ ರಾತ್ರಿ ಹತ್ತಕ್ಕೆ ಹಗಲಿಗಿಂತ ಹೆಚ್ಚು ಬೆಳಕು, ಹೆಚ್ಚು ಜನ. ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಳೆಗೆ ಚೌಕಾಸಿ ಮಾಡುತ್ತಿದ್ದರು. ದೊಡ್ಡ ಹಂಡೆಗಳಿಂದ, ಗೋಧಿ ಮಾಂಸ ಅರೆದು ಬೇಯಿಸಿದ ಹಲೀಮಿನ ಹಬೆ ಏಳುತ್ತಿತ್ತು; ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡರೂ ಅಲ್ಲಿಂದ ಕದಲಲಿಲ್ಲ, ಜನ ತಿನ್ನುವುದನ್ನೇ ನೋಡುತ್ತಾ ನಿಂತರು. ಚಳ್ಳಕೆರೆಯ ಸಂತೆಯಲ್ಲಿ ಕಲಿತಿದ್ದ ಅರೆಬರೆ ಉರ್ದುವಿನಲ್ಲಿ ಬಳೆಯವನ ಜೊತೆ ಜಗಳವಾಡಿ ಎರಡು ಡಜನ್ ಗಾಜಿನ ಬಳೆ ಕೊಂಡರು, ಮೊಣಕೈವರೆಗೆ ಹಾಕಿಕೊಂಡರು, ಗಲಗಲ ಅಲ್ಲಾಡಿಸಿ ನಕ್ಕರು. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುವಾಗ ಹೇಳಿದರು:

"ಇಲ್ಲಿ ನಾನು ಯಾರ ತಂಗೀನೂ ಅಲ್ಲ ಕಣೇ."

ಆ ರಾತ್ರಿಯ ಅವರ ಮುಖ ನನಗೆ ಬಹಳ ಇಷ್ಟವಾಗಿತ್ತು. ಈಗಲೂ ಇಷ್ಟ. ಅದೇ ನನ್ನ ಕಷ್ಟ.

ಚಹಾ ಮುಗಿಸಿ ಅವರು ಇನ್ನೊಂದು ಅಂಗಡಿಯ ಒಳಗೆ ಹೋದರು. ನಾನು ಹೊರಗೆ ನಿಂತಿದ್ದೆ. ಅದೇ ಹೊತ್ತಿಗೆ ರಾಂಪುರದ ನಮ್ಮ ದೂರದ ನೆಂಟರೊಬ್ಬರು, ಲಾರಿಯ ಕೆಲಸಕ್ಕೆ ಹೈದರಾಬಾದಿಗೆ ಬಂದಿದ್ದವರು, ಆ ಬೀದಿಯಲ್ಲಿ ಹಾದು ಹೋಗುತ್ತಾ ನನ್ನನ್ನು ನೋಡಿದ್ದರು. ಮಾತಾಡಿಸಲಿಲ್ಲ. ನಾನು ವಾಪಸು ಬರುವಷ್ಟರಲ್ಲಿ ಸುದ್ದಿ ಮನೆ ಮುಟ್ಟಿತ್ತು: ಮಗಳು ರಾತ್ರಿ ಹನ್ನೊಂದಕ್ಕೆ ಹೈದರಾಬಾದಿನ ಬೀದಿಯಲ್ಲಿ ಒಬ್ಬಳೇ ಯಾರಿಗೋ ಕಾಯುತ್ತಾ ನಿಂತಿದ್ದಳು.

ಆಗ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯಿಸುವ ಒಂದು ಮನೆತನದಲ್ಲಿ ನನ್ನ ಮದುವೆಯ ಮಾತು ನಡೆದಿತ್ತು. ಹುಡುಗನನ್ನು ಎರಡು ಸಲ ನೋಡಿದ್ದೆ. ಒಳ್ಳೆಯವನಂತೆ ಕಂಡಿದ್ದ. ಅವರ ಕಿವಿಗೂ ಅದೇ ನೆಂಟರಿಂದಲೇ ಸುದ್ದಿ ಬಿದ್ದಿತ್ತು.

ಅಪ್ಪ ಕಿರುಚಾಡುವ ಮನುಷ್ಯನಲ್ಲ. ಅಂಗಳದಲ್ಲಿ ಕೂರಿಸಿಕೊಂಡು, "ಏನು ತಾಯೀ ಇದು?" ಎಂದರು. ಎಲ್ಲವನ್ನೂ ಹೇಳಿಬಿಟ್ಟೆ. ತರಬೇತಿ ಎಂದದ್ದು ಸುಳ್ಳು, ಅಕ್ಕನ ಜೊತೆ ಊರು ನೋಡಲು ಹೋಗಿದ್ದು ನಿಜ, ಎರಡು ವರ್ಷದಿಂದ ಹೋಗುತ್ತಿದ್ದದ್ದು ನಿಜ. ಅಪ್ಪನ ಮುಖ ನಿಧಾನಕ್ಕೆ ಹಗುರವಾಯಿತು.

"ಊರು ನೋಡೋಕೆ ಹೋಗಿದ್ರಾ? ಇಷ್ಟೇನಾ? ಸುಳ್ಳು ಹೇಳಿದ್ದು ತಪ್ಪು. ಆದ್ರೆ ಸಾವ್ಕಾರ್ರ ತಂಗಿ ಜೊತೆಗಿದ್ರು ಅಂದ್ಮ್ಯಾಲೆ ಯಾರು ಏನು ಮಾತಾಡ್ತಾರೆ? ನಡಿ, ಆಯಮ್ಮನ ಬಾಯಿಂದ ಒಂದು ಮಾತು ಕೇಳ್ಕಂಡು ಬಂದುಬಿಡಾನ. ಮೊಳಕಾಲ್ಮೂರಿನೋರಿಗೆ ನಾನು ಹೇಳ್ಕಂತೀನಿ."

ಮಾರನೆಯ ದಿನ ಭಾನುವಾರ. ಬೆಳಗಿನ ಬಸ್ಸಿಗೇ ಚಳ್ಳಕೆರೆಗೆ ಹೊರಟೆವು. ದಾರಿಯುದ್ದಕ್ಕೂ ನನಗೆ ಒಂದು ಚೂರೂ ಭಯವಿರಲಿಲ್ಲ. ಅಕ್ಕನಿಗೆ ಅಣ್ಣನ ಮುಂದೆ ಮುಜುಗರವಾಗುತ್ತದಲ್ಲ ಎಂದಷ್ಟೇ ಮರುಗಿದ್ದೆ. ಮುಂಚೆಯೇ ತಿಳಿಸೋಣ ಎಂದು ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ.

ಸಾವ್ಕಾರರು ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ಅಪ್ಪ ಬಾಗಿಲಾಚೆ ಚಪ್ಪಲಿ ಬಿಟ್ಟು, ಕೈ ಮುಗಿದು, ಕೂರಿ ಎಂದ ಮೇಲೆ ಬೆಂಚಿನ ತುದಿಯಲ್ಲಿ ಕೂತು ವಿಷಯ ಹೇಳಿದರು. ದೂರು ಹೇಳುವ ದನಿಯಲ್ಲಿ ಅಲ್ಲ, ಸಹಾಯ ಕೇಳುವ ದನಿಯಲ್ಲಿ. ಒಳಗಿನಿಂದ ಅಕ್ಕ ನೀರಿನ ಲೋಟಗಳನ್ನು ತಂದರು. ನಾನು ಅವರ ಕೈ ನೋಡಿದೆ. ಬಳೆಗಳಿರಲಿಲ್ಲ.

"ಏನಮ್ಮಾ," ಎಂದರು ಸಾವ್ಕಾರರು, "ಈ ಹುಡುಗಿ ನಿನ್ನ ಜೊತೆ ಹೈದರಾಬಾದಿಗೆ ಬಂದಿದ್ಲಂತೆ?"

ಅಕ್ಕ ಲೋಟವನ್ನು ಅಪ್ಪನ ಕೈಗೆ ಕೊಟ್ಟರು. ನನ್ನ ಕಡೆ ನೋಡಲಿಲ್ಲ. ಮುಖದಲ್ಲಿ ಏನೂ ಕದಲಲಿಲ್ಲ.

"ಇಲ್ಲಣ್ಣ. ನಾನು ದಾವಣಗೆರೆಗೆ ತರಬೇತಿಗೆ ಹೋಗಿದ್ನಲ್ಲ. ಇವಳು ಎಲ್ಲಿಗೆ ಹೋಗಿದ್ಲೋ ನಂಗೆ ಗೊತ್ತಿಲ್ಲ."

"ಅಕ್ಕಾ!" ಎಂದೆ.

ಅವರು ಅಪ್ಪನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ಹುಡುಗಿ ಒಳ್ಳೇಳು. ವಯಸ್ಸು, ಏನೋ ಆಗಿರುತ್ತೆ. ಹೊಡಿಯೋದು ಬಡಿಯೋದು ಮಾಡ್ಬೇಡ್ರಿ."

ಗೊತ್ತಿಲ್ಲ ಎಂದದ್ದನ್ನು ಒಂದು ವೇಳೆ ಮರೆಯಬಲ್ಲೆ. ಈ ಕರುಣೆಯ ಮಾತನ್ನು ಇವತ್ತಿಗೂ ನುಂಗಲಾಗಿಲ್ಲ. ಯಾರೋ ಗಂಡಸಿನ ಜೊತೆ ಹೋಗಿದ್ದವಳು ನಾನು ಎಂದು, ಆ ಪದ ಬಳಸದೆಯೇ, ಅಪ್ಪನ ಮುಂದೆ ಅವರು ತೀರ್ಮಾನ ಮಾಡಿಕೊಟ್ಟಿದ್ದರು.

ನಾನು ಫೋನು ತೆಗೆದೆ. ಎರಡು ವರ್ಷದ ಫೋಟೋಗಳನ್ನು ಒಂದೊಂದಾಗಿ ಸರಿಸಿದೆ. ಹುಬ್ಬಳ್ಳಿಯ ಗಲ್ಲಿ, ಅನಂತಪುರದ ತರಕಾರಿ ಗಾಡಿ, ಚಾರ್‌ಮಿನಾರಿನ ದೀಪ, ಬಳೆ ಅಂಗಡಿ. ಒಂದರಲ್ಲೂ ಅಕ್ಕ ಇರಲಿಲ್ಲ. ಒಂದು ಸೆರಗಿನ ಅಂಚು ಕೂಡ ಇರಲಿಲ್ಲ. ಬಸ್ಸಿನಲ್ಲಿ ಬೇರೆ ಬೇರೆ ಕೂತದ್ದು, ಕ್ಯಾಮೆರಾ ಕಂಡರೆ ಪಕ್ಕಕ್ಕೆ ಸರಿದದ್ದು, ಎಲ್ಲಕ್ಕೂ ಆ ಪಡಸಾಲೆಯಲ್ಲಿ ನಿಂತಲ್ಲೇ ನನಗೆ ಅರ್ಥ ಸಿಕ್ಕಿತು. ಈ ದಿನ ಬಂದೇ ಬರುತ್ತದೆ ಎಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಬಂದಾಗ ಏನು ಹೇಳಬೇಕು ಎಂಬುದನ್ನೂ ಅವರು ಮೊದಲೇ ಯೋಚಿಸಿ ಇಟ್ಟಿದ್ದರು.

ಅಪ್ಪ ನೀರು ಕುಡಿಯಲಿಲ್ಲ. ಲೋಟವನ್ನು ನೆಲದ ಮೇಲೆ ಇಟ್ಟು, "ತಪ್ಪಾಯ್ತು ಸಾವ್ಕಾರ್ರೆ, ನಿಮ್ಮ ಮನೆ ಹೆಸರು ತಂದಿದ್ದಕ್ಕೆ" ಎಂದು ಎದ್ದರು. ಹೊರಗೆ ಬಂದು ಚಪ್ಪಲಿ ಮೆಟ್ಟಲು ಹೋದಾಗ ಅವರ ಕಾಲು ಚಪ್ಪಲಿಯೊಳಗೆ ಸರಿಯಾಗಿ ಕೂರಲೇ ಇಲ್ಲ. ಮೂರು ಸಲ ಪ್ರಯತ್ನಿಸಿದರು. ನಾನು ಬಗ್ಗಿ ಹಿಡಿಯಲು ಹೋದೆ. "ಬ್ಯಾಡ" ಎಂದರು.

ಮನೆಯಲ್ಲಿ ಅವ್ವ ಎದೆ ಬಡಿದುಕೊಂಡು ಅತ್ತಳು. ಮೊಳಕಾಲ್ಮೂರಿನವರು ತಾವಾಗಿಯೇ ಸುಮ್ಮನಾದರು. ಕೆಲಸಕ್ಕೆ ಹೋಗುವುದು ಬೇಡ ಎಂದು ಅಪ್ಪ ಬಾಯಿ ಬಿಟ್ಟು ಹೇಳಲೇ ಇಲ್ಲ. ಸೋಮವಾರ ಬೆಳಿಗ್ಗೆ ನಾನು ಬ್ಯಾಗು ಹಿಡಿದು ಬಂದಾಗ ಬಾಗಿಲಲ್ಲಿ ಅಡ್ಡ ಕೂತಿದ್ದರು, ಏಳಲಿಲ್ಲ, ಅಷ್ಟೇ.

ಒಂದು ವಾರದ ನಂತರ ಅಕ್ಕ ಫೋನು ಎತ್ತಿದರು. "ಯಾಕಕ್ಕಾ?" ಎಂದೆ. ಹಿಂದೆ ಮಿಲ್ಲಿನ ಸದ್ದು ಕೇಳಿಸುತ್ತಿತ್ತು.

"ನೀನು ಚಿಕ್ಕೋಳು. ಇವತ್ತಲ್ಲ ನಾಳೆ ಮದುವೆ ಆಗ್ತೀಯ, ಇನ್ನೊಂದೂರಿಗೆ ಹೋಗ್ತೀಯ. ನಂಗೆ ಇರೋದು ಇದೊಂದೇ ಕಣೇ. ಅಣ್ಣಂಗೆ ಗೊತ್ತಾದ್ರೆ ಶಾಲೆಗೆ ಹೋಗೋದೂ ನಿಲ್ತಿತ್ತು."

"ಮತ್ತೆ ನಂದು ನಿಂತೋಯ್ತಲ್ಲ?"

"ಈ ನಂಬರಿಗೆ ಇನ್ಮ್ಯಾಲೆ ಮಾಡ್ಬ್ಯಾಡ" ಎಂದು ಇಟ್ಟರು.

ಫೋನಿನಲ್ಲಿ ಅವರು ಹೇಳಿದ್ದು ಸುಳ್ಳಲ್ಲ, ಅಷ್ಟನ್ನು ಒಪ್ಪುತ್ತೇನೆ. ಅವರಿಗೆ ಇದ್ದದ್ದು ನಿಜವಾಗಿಯೂ ಅದೊಂದೇ. ತಿಂಗಳಿಗೆ ಒಂದೆರಡು ಶನಿವಾರ, ಯಾವುದೋ ಊರಿನ ಯಾವುದೋ ಗಲ್ಲಿಯಲ್ಲಿ ಯಾರ ತಂಗಿಯೂ ಆಗದೆ ಇರುವ ನಾಲ್ಕು ಗಂಟೆ. ಅದನ್ನು ಉಳಿಸಿಕೊಳ್ಳಲು ನನ್ನನ್ನು ಕೊಟ್ಟರು. ಕೊಡುವ ಮುಂಚೆ ಒಂದು ಕ್ಷಣ ಹಿಂದುಮುಂದು ನೋಡಿದ್ದರೆ ಸಾಕಿತ್ತು ನನಗೆ. ನೋಡಲಿಲ್ಲ.

ಎರಡು ವರ್ಷ ರಾಂಪುರದ ಮನೆಯಲ್ಲೇ ಇದ್ದೆ. ಒಂದು ಸಂಜೆ ಹೊಲದಿಂದ ಬಂದ ಅಪ್ಪ ಕೈಕಾಲು ತೊಳೆಯುತ್ತಾ, ನನ್ನ ಕಡೆ ತಿರುಗದೆ ಕೇಳಿದರು: "ಆಯಮ್ಮ ಸುಳ್ಳು ಹೇಳಿದ್ಲಾ?"

"ಹೂಂ ಅಪ್ಪಾ."

"ಪೋನೀ ತಾಯೀ, ಹೋಗ್ಲಿ ಬಿಡು" ಎಂದರು. ಮನಸ್ಸು ನೊಂದಾಗ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು. ನನ್ನ ಮಾತನ್ನು ನಂಬಿ ಹಾಗೆ ಹೇಳಿದರೋ, ನಂಬದೆಯೇ ಕ್ಷಮಿಸಿ ಹೇಳಿದರೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವಾಗಲಿಲ್ಲ.

ಆಮೇಲೆ ಬಳ್ಳಾರಿಯ ಒಬ್ಬ ಮೇಷ್ಟರ ಜೊತೆ ಮದುವೆಯಾಯಿತು. ನೋಡಲು ಬಂದ ದಿನವೇ ಅವರಿಗೆ ಎಲ್ಲವನ್ನೂ ಹೇಳಿದ್ದೆ. ಪೂರ್ತಿ ಕೇಳಿ, "ಅಲ್ಲಾ, ಅಷ್ಟು ದೂರ ಹೋಗಿ ಬರೀ ಚಾ ಕುಡ್ದು ಬಂದ್ರಾ?" ಎಂದಿದ್ದರು. ಈಗ ರಜೆ ಬಂದರೆ ಇಬ್ಬರೂ ಊರು ನೋಡಲು ಹೋಗುತ್ತೇವೆ. ಹೊಸ ಊರಿನಲ್ಲಿ ಇಳಿದ ಕೂಡಲೇ ನಾನು ಹಿಟ್ಟಿನ ಗಿರಣಿ ಎಲ್ಲಿದೆ ಎಂದು ಕೇಳುತ್ತೇನೆ. ಕೇಳಿದ ಮೇಲೆ ಸಿಟ್ಟು ಬರುತ್ತದೆ. ಊರು ನೋಡಲು ಬೇರೆ ಯಾವ ದಾರಿಯೂ ನನಗೆ ಗೊತ್ತಿಲ್ಲ.

ಅವರನ್ನು ಕೊನೆಯ ಸಲ ನೋಡಿದ್ದು ಬಳ್ಳಾರಿಯಲ್ಲೇ. ಕೌಲ್ ಬಜಾರಿನಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಎದುರಿಗೆ ಬೀದಿಯ ನಡುವೆ ಕೈ ಬೀಸಿಕೊಂಡು ಬರುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ಇಪ್ಪತ್ತೆರಡು, ಇಪ್ಪತ್ತಮೂರರ ಒಬ್ಬ ಹುಡುಗಿ. ಶಾಲೆಗೆ ಹೊಸದಾಗಿ ಸೇರಿದ ಟೀಚರಂತೆ. ಅಕ್ಕ ನನ್ನನ್ನು ನೋಡಿ ಸರಿದು ಹೋಗಲಿಲ್ಲ. ನಿಂತರು. ಏನೂ ಆಗಿಯೇ ಇಲ್ಲವೆಂಬಂತೆ, "ಚೆನ್ನಾಗಿದ್ದೀಯಾ? ದಪ್ಪ ಆಗಿದ್ದೀಯ" ಎಂದರು. ಆ ಹುಡುಗಿಗೆ, "ಇವಳು ಮೊದ್ಲು ನಮ್ಮ ಶಾಲೆನಾಗೆ ಇದ್ಲು" ಎಂದು ಹೇಳಿದರು.

ನಾನು ಹುಡುಗಿಯನ್ನು ಕೇಳಿದೆ, "ಮನೇಲಿ ಏನಂತ ಹೇಳಿ ಬಂದಿದ್ದೀಯಮ್ಮಾ?"

ಅವಳು ಅಕ್ಕನ ಮುಖ ನೋಡಿ, ನಾಚಿ ನಕ್ಕು, "ತರಬೇತಿ ಅಂತ" ಎಂದಳು.

ತರಕಾರಿಯವನ ಹತ್ತಿರ ಪೆನ್ನು ಇಸಿದುಕೊಂಡು ಒಂದು ಚೀಟಿಯ ಮೇಲೆ ನನ್ನ ನಂಬರು ಬರೆದು ಅವಳ ಕೈಗೆ ಕೊಟ್ಟೆ. "ಯಾವತ್ತಾದ್ರೂ ಯಾರಾದ್ರೂ ಎಲ್ಲಿಗೆ ಹೋಗಿದ್ದೆ ಅಂತ ಕೇಳಿದ್ರೆ, ಬಳ್ಳಾರಿನಾಗೆ ಈ ಅಕ್ಕನ ಮನೆಗೆ ಹೋಗಿದ್ದೆ ಅಂತ ಹೇಳು. ನಂಗೆ ಫೋನು ಹಚ್ಚಿಸು. ನಿಮ್ಮಪ್ಪ ಬಂದು ಕೇಳಿದ್ರೂ ನಾನು ಹೌದು ಅಂತೀನಿ."

ಹುಡುಗಿಗೆ ಏನೂ ಅರ್ಥವಾಗಲಿಲ್ಲ. ಚೀಟಿ ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡಿದಳು. ಅಕ್ಕ ರಸ್ತೆಯ ಆ ಬದಿಗೆ ಮುಖ ತಿರುಗಿಸಿ ನಿಂತಿದ್ದರು. ಆಮೇಲೆ ತಿರುಗಿ, ನನ್ನನ್ನು ನೋಡದೆ, ಅವಳಿಗೆ ಹೇಳಿದರು:

"ಇಟ್ಕೋ. ಅವಳು ಸುಳ್ಳು ಹೇಳೋ ಪೈಕಿ ಅಲ್ಲ."

ಹಾಗೆಂದವರೇ ಹುಡುಗಿಯ ಮೊಣಕೈ ಹಿಡಿದು ಜನರ ನಡುವೆ ನಡೆದುಬಿಟ್ಟರು. ನಾನು ತರಕಾರಿಯ ಚೀಲ ಹಿಡಿದು ಅಲ್ಲೇ ನಿಂತಿದ್ದೆ. ಆ ಒಂದು ಮಾತಿಗಾಗಿ ನಾನು ಅಷ್ಟು ವರ್ಷ ಕಾದಿದ್ದೆ. ಅಪ್ಪ ತೀರಿಕೊಂಡು ಆಗಲೇ ಒಂದು ವರ್ಷವಾಗಿತ್ತು.